ಪೈಪಿನ ಹೊಗೆಯಲ್ಲಿ ಉಪ್ಪಿನ ಪಾಲು

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಪಿವಿಸಿ ಪೈಪ್ ಜೋಡಿಸಬೇಕಾದಾಗ ಅದರ ಬಾಯಿಯನ್ನು ಬೆಂಕಿಗೆ ಹಿಡಿದು ಹಿಗ್ಗಿಸುವುದು ಮಾಮೂಲು. ಮಳೆಗಾಲವಾದರೆ ಈ ಕೆಲಸ ಬಚ್ಚಲ ಒಲೆಯ ಮುಂದೆ, ಬಾಗಿಲು ಮುಚ್ಚಿಕೊಂಡು ನಡೆಯುತ್ತದೆ. ಹೊಗೆ ಕುಡಿದವರಿಗೆ ಒಂದು ಚೂರು ಬೆಲ್ಲ ತಿನ್ನಿಸಿದರೆ ಎದೆ ಶುದ್ಧವಾಗುತ್ತದೆ ಎಂಬ ವೈದ್ಯವೂ ಜೊತೆಗಿದೆ. ಬೆಲ್ಲ ಇಳಿಯುವುದು ಹೊಟ್ಟೆಗೆ, ಹೊಗೆ ಇಳಿಯುವುದು ಶ್ವಾಸಕೋಶಕ್ಕೆ!

ಎಣ್ಣೆ ಡಬ್ಬದ ಎಚ್‌ಡಿಪಿಇ, ಅಂದರೆ ಗಟ್ಟಿ ಬಗೆಯ ಪಾಲಿಥೀನ್, ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ. ಅದರ ಅಣುಗಳು ಮುರಿಯಬೇಕಾದರೆ ಇನ್ನೂ ಬಹಳ ಬಿಸಿ ಬೇಕು. ಪಿವಿಸಿಗೆ ಈ ಅಂತರ ತೀರಾ ಕಡಿಮೆ. ಅದರ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್. ಕ್ಲೋರಿನ್ ತೆಗೆಯುವುದು ಉಪ್ಪಿನಿಂದ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಲ್ಲಿರುವುದೂ ಇದೇ ಧಾತು. ಉಪ್ಪು 801 ಡಿಗ್ರಿಯಲ್ಲಿ ಕರಗಿ ನೀರಾದರೂ ಕ್ಲೋರಿನ್ ಸೋಡಿಯಂನ ಸಂಗ ಬಿಡುವುದಿಲ್ಲ. ಪೈಪಿನಲ್ಲಿ ಅದಕ್ಕೆ ಆ ನಿಷ್ಠೆಯಿಲ್ಲ. ಒಂದು ಕ್ಲೋರಿನ್ ಪಕ್ಕದ ಹೈಡ್ರೋಜನ್ ಅನ್ನು ಎಳೆದುಕೊಂಡು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಟಿತೆಂದರೆ ಮುಂದಿನ ಕ್ಲೋರಿನ್‌ನ ಬಂಧ ಸಡಿಲವಾಗುತ್ತದೆ, ಅದರಿಂದ ಅದರ ಮುಂದಿನದು. ಭಟ್ಕಳ ಮಲ್ಲಿಗೆಯ ದಂಡೆಯಲ್ಲಿ ಒಂದು ಗಂಟು ಬಿಚ್ಚಿದರೆ ಹೂವುಗಳು ಸಾಲಾಗಿ ಉದುರುವ ಹಾಗೆ. ಪೈಪು ಹಳದಿ, ಕಂದು, ಕಪ್ಪು ಆಗುತ್ತಾ ಹೋಗುವುದು ಈ ಉದುರುವಿಕೆಯ ಗುರುತು. ಹೊರಬಿದ್ದ ಅನಿಲ ಮೂಗು, ಗಂಟಲಿನ ತೇವಕ್ಕೆ ಸೇರಿ ಆಮ್ಲವಾಗುತ್ತದೆ.

1872ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ಬಿಸಿಲಿಗಿಟ್ಟ ಗಾಜಿನ ಪಾತ್ರೆಯಲ್ಲಿ ಪಿವಿಸಿ ಎಂಬ ಈ ಬಿಳಿ ಪದಾರ್ಥವನ್ನು ಕಂಡಿದ್ದ. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಅದನ್ನು ಮೆತುವಾಗಿಸುವ ತನಕ ಅದು ಹೆಚ್ಚುಕಡಿಮೆ ನಿರುಪಯೋಗಿಯಾಗಿಯೇ ಉಳಿದಿತ್ತು. ಇಂದಿನ ಪೈಪಿನಲ್ಲಿ ಆಮ್ಲವನ್ನು ನುಂಗುವ ಸ್ಥಿರಕಾರಿಗಳನ್ನು ಬೆರೆಸಿರುತ್ತಾರೆ, ನಿಜ. ಒಲೆಯ ಜ್ವಾಲೆಯ ಮುಂದೆ ಅವು ಬೇಗನೆ ತೀರಿಹೋಗುತ್ತವೆ.

ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಆಮ್ಲವನ್ನು ಸ್ವಲ್ಪ ಹಿಡಿದೀತು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಆರಾಮವಾಗಿ ದಾಟುತ್ತದೆ. ಎನ್-95 ಮಾಸ್ಕ್ ತಡೆಯುವುದು ಕಣಗಳನ್ನು, ಅನಿಲವನ್ನಲ್ಲ.

ಅಷ್ಟಕ್ಕೂ ಬೆಂಕಿಯೇ ಯಾಕೆ ಬೇಕು? ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹಂಡೆಯ ಕುದಿಯುವ ನೀರಿನಲ್ಲಿ ಪೈಪಿನ ತುದಿಯನ್ನು ಅದ್ದಿಟ್ಟರೆ ಸಾಕು. ಎಷ್ಟೇ ಸೌದೆ ಒಟ್ಟಿದರೂ ಆ ನೀರು 100 ಡಿಗ್ರಿ ದಾಟುವುದಿಲ್ಲ. ಒಡೆದ ಬಕೆಟ್ಟಿಗೆ ಕಾದ ಚಾಕುವಿನಿಂದ ಬೆಸುಗೆ ಹಾಕುವವರು ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಡದೆ ಅಡ್ಡವಾಗಿ ಕುಳಿತುಕೊಳ್ಳಲಿ. ಹೊಗೆ ಎದ್ದರೆ ಚಾಕು ಅತಿಯಾಗಿ ಕಾದಿದೆ ಎಂದೇ ಅರ್ಥ.

ಯಾವ ಪ್ಲಾಸ್ಟಿಕ್ ಎಂದು ಗೊತ್ತಾಗದಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ. ಪಿವಿಸಿ ಮುಳುಗುತ್ತದೆ, ಡಬ್ಬ ಬಕೆಟ್ಟುಗಳ ಪಾಲಿಥೀನ್, ಪಾಲಿಪ್ರೊಪಿಲೀನ್ ಸಾಮಾನ್ಯವಾಗಿ ತೇಲುತ್ತವೆ. ಥರ್ಮೋಕೋಲ್ ಮಾತ್ರ ಇಲ್ಲಿ ಮೋಸ ಮಾಡುತ್ತದೆ: ಒಳಗಿನ ಗಾಳಿಯಿಂದಾಗಿ ತೇಲುತ್ತದೆ, ಅತಿಯಾಗಿ ಕಾದರೆ ಸ್ಟೈರೀನ್ ಎಂಬ ಹಾನಿಕರ ಆವಿಯನ್ನು ಬಿಡುತ್ತದೆ.