ತಿಂಗಳಿಗೆ 3,300 ರೂಪಾಯಿ: ಅಪಘಾತ ಪರಿಹಾರದ ಹೊಣೆ ಹೆಗಲು ಬದಲಿಸಿದ ಬಗೆ

ತಾಲ್ಲೂಕು ಕೇಂದ್ರದ ನ್ಯಾಯಾಲಯದ ಮೊಗಸಾಲೆಯಲ್ಲಿ ಒಂದು ಬೆಳಗ್ಗೆ ನಿಂತರೆ ‘ಎಂವಿಸಿ’ ಎಂಬ ಮೂರಕ್ಷರ ಹತ್ತಾರು ಬಾರಿ ಕಿವಿಗೆ ಬೀಳುತ್ತದೆ. ವಾಹನ ಅಪಘಾತಕ್ಕೆ ಪರಿಹಾರ ಕೋರಿದ ಅರ್ಜಿಗಳಿಗೆ ಕರ್ನಾಟಕದ ನ್ಯಾಯಾಲಯಗಳು ಕೊಡುವ ಗುರುತು ಅದು. ಬಟ್ಟೆ ಅಂಗಡಿಯ ಚೀಲದಲ್ಲಿ ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ಎಫ್‌ಐಆರ್ ಪ್ರತಿ ತುಂಬಿಕೊಂಡು ಬಂದವರಿಗೆ ವಕೀಲರು ಹೇಳುವ ಸೆಕ್ಷನ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು: 140, 163ಎ, 164, 166. ಒಂದೇ ರಸ್ತೆಯಲ್ಲಿ, ಒಂದೇ ಬಗೆಯ ಲಾರಿ ಗುದ್ದಿ ಸತ್ತ ಇಬ್ಬರ ಮನೆಯವರಿಗೆ, ಅಪಘಾತದ ತಾರೀಖು ಬೇರೆಯಾದ ಕಾರಣಕ್ಕೆ, ಎರಡು ಬೇರೆ ಕಾನೂನು ಅನ್ವಯವಾಗುತ್ತದೆ. ಈ ಗೋಜಲು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಹಳೆಯ ನಿಯಮ ಸರಳವಾಗಿತ್ತು. ಚಾಲಕನ ನಿರ್ಲಕ್ಷ್ಯವನ್ನು ನೊಂದವರು ಸಾಬೀತು ಮಾಡಬೇಕು. ಮಾಡಿದರೆ ಚಾಲಕನ ಜೊತೆಗೆ ಅವನನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನೂ ಹೊಣೆಗಾರ. ಆದರೆ ಮಾಲೀಕನ ಬಳಿ ಹಣವಿಲ್ಲದಿದ್ದರೆ ತೀರ್ಪು ಬರೀ ಕಾಗದ. ಹಾಗಾಗಿ 1939ರ ಮೋಟಾರು ವಾಹನ ಕಾಯಿದೆ, ವಾಹನದಿಂದ ಹಾನಿಗೊಳಗಾದ ಹೊರಗಿನವರಿಗೆ ವಿಮೆ ಕಂಪನಿ ಹಣ ಕೊಡುವ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು; ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈಯಲ್ಲಿ. 1956ರ ತಿದ್ದುಪಡಿ ಸಿವಿಲ್ ನ್ಯಾಯಾಲಯಗಳ ಕೈಯಿಂದ ಇಂಥ ವ್ಯಾಜ್ಯಗಳನ್ನು ಬಿಡಿಸಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಇಷ್ಟಾದರೂ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲ ಎಂಬ ಮೂಲ ನಿಯಮ ಅಲುಗಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿತು.

ನಡುರಾತ್ರಿ ಹೆದ್ದಾರಿಯ ಪಕ್ಕ ನಡೆದು ಹೋಗುತ್ತಿದ್ದವನು ಸತ್ತು ಬಿದ್ದರೆ ಸಾಕ್ಷಿ ಹೇಳುವವರು ಯಾರು? ಕಂಡವನು ಒಬ್ಬನೇ, ಚಾಲಕ. ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1982ರ ತಿದ್ದುಪಡಿ. ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಲೇಬೇಕು ಎಂದು ಕಾನೂನು ಮೊದಲ ಬಾರಿಗೆ ಹೇಳಿತು. ಗುದ್ದಿ ಪರಾರಿಯಾದ ವಾಹನದ ಪತ್ತೆಯೇ ಇಲ್ಲದಿದ್ದರೂ ಸರ್ಕಾರದ ನಿಧಿಯಿಂದ ಅಷ್ಟಿಷ್ಟು ಸಿಗುವ ಏರ್ಪಾಡೂ ಆಗಲೇ ಆಯಿತು.

1987ರಲ್ಲಿ ಗುಜರಾತಿನ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಯೋಚಿಸಿತು. ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಅಪಾಯಕಾರಿ ವಸ್ತುವನ್ನು ತನ್ನ ಜಾಗದಲ್ಲಿ ಇಟ್ಟುಕೊಂಡವನು, ಅದು ಹೊರಗೆ ನುಗ್ಗಿ ಹಾನಿ ಮಾಡಿದರೆ ತಪ್ಪಿಲ್ಲದೆಯೂ ಹೊಣೆಗಾರ ಎಂಬ 1868ರ ಇಂಗ್ಲೆಂಡಿನ ತತ್ವವನ್ನು ಅವರು ರಸ್ತೆಗೆ ತಂದು ನೋಡಿದರು. ಅಲ್ಲಿ ಒಡೆದದ್ದು ಗಿರಣಿಯ ನೀರಿನ ಕೊಳ, ಇಲ್ಲಿ ಓಡುವುದು ಸಾವಿರಾರು ವಾಹನ. ತನ್ನದೇನೂ ತಪ್ಪಿಲ್ಲದ ಪಾದಚಾರಿಗೆ ಪರಿಹಾರ ಸಿಗಲೇಬೇಕು, ಇಲ್ಲದಿದ್ದರೆ ಸಾಮಾಜಿಕ ನ್ಯಾಯ ಎಂಬ ಮಾತಿಗೆ ಅರ್ಥವಿಲ್ಲ ಎಂಬುದು ಅವರ ವಾದದ ಸಾರ. ಈ ವಿಷಯದಲ್ಲಿ ನಾನು ಓದಿದ ತೀರ್ಪುಗಳ ಪೈಕಿ ನೊಂದವರ ಇಷ್ಟು ಹತ್ತಿರ ನಿಂತು ಬರೆದದ್ದು ಕಡಿಮೆ.

1988ರ ಹೊಸ ಕಾಯಿದೆ 1982ರ ಆ ಮೊತ್ತಗಳನ್ನು ಸೆಕ್ಷನ್ 140ರಲ್ಲಿ ಸ್ವಲ್ಪ ಏರಿಸಿತು. ನಿಜವಾದ ತಿರುವು 1994ರದು. ಆ ವರ್ಷ ಸೆಕ್ಷನ್ 163ಎ ಬಂತು, ಅದರೊಂದಿಗೆ ‘ಎರಡನೇ ಅನುಸೂಚಿ’ ಎಂಬ ಕೋಷ್ಟಕವೂ ಬಂತು. ವಯಸ್ಸು ಒಂದು ಕಡೆ, ಆದಾಯ ಇನ್ನೊಂದು ಕಡೆ; ಎರಡೂ ಸೇರುವ ಮನೆಯಲ್ಲಿ ಪರಿಹಾರದ ಮೊತ್ತ. ನಿರ್ಲಕ್ಷ್ಯ ಸಾಬೀತು ಮಾಡುವ ಗೋಜಿಲ್ಲ. ವರ್ಷಕ್ಕೆ 40,000 ರೂಪಾಯಿವರೆಗೆ ದುಡಿಯುವವರ ಕುಟುಂಬಗಳಿಗೆ ಇದು ಬಾಗಿಲು ತೆರೆಯಿತು. ಅರ್ಜಿ ಸಲ್ಲಿಸಲು ಇದ್ದ ಆರು ತಿಂಗಳ ಗಡುವನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು. ಬಡವರ ಪರವಾಗಿ ಇಷ್ಟು ಸ್ಪಷ್ಟವಾಗಿ ಮಾತಾಡಿದ ಕಾನೂನು ಕಡಿಮೆ.

ಆದರೆ ಕೋಷ್ಟಕದೊಳಗಿನ ಅಂಕಿಗಳು ಬಂದಲ್ಲೇ ನಿಂತವು. ದುಡಿಮೆಯಿಲ್ಲದವರ ಕಾಲ್ಪನಿಕ ಆದಾಯ ವರ್ಷಕ್ಕೆ 15,000 ರೂಪಾಯಿ. ಹತ್ತು ವರ್ಷದ ಮಗು ಸತ್ತರೆ ಲೆಕ್ಕ ಹೀಗೆ: 15,000ವನ್ನು ಆ ವಯಸ್ಸಿಗೆ ಕೋಷ್ಟಕ ಕೊಟ್ಟ ಗುಣಕ 15ರಿಂದ ಗುಣಿಸಿ, ಮಗು ಬದುಕಿದ್ದರೆ ತನಗಾಗಿ ಖರ್ಚು ಮಾಡಿಕೊಳ್ಳುತ್ತಿತ್ತು ಎಂದು ಮೂರನೇ ಒಂದು ಭಾಗ ಕಳೆದರೆ ಉಳಿಯುವುದು ಒಂದೂವರೆ ಲಕ್ಷ. ಮನೆಯಲ್ಲೇ ದುಡಿಯುವ ಹೆಂಡತಿಯ ಆದಾಯ ಗಂಡನ ಸಂಪಾದನೆಯ ಮೂರನೇ ಒಂದು ಭಾಗ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ, ಒಲೆ, ಹೊಲ ಮೂರನ್ನೂ ನೋಡಿಕೊಳ್ಳುವವಳಿಗೆ ಕಾನೂನು ಕಟ್ಟಿದ ಬೆಲೆ ಅದು. 2010ರಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಕಟುವಾಗಿ ಟೀಕಿಸಿತು. ಕೋಷ್ಟಕದಲ್ಲಿ ಗುಣಾಕಾರದ ತಪ್ಪುಗಳೇ ಇವೆ ಎಂದು 1996ರಲ್ಲೇ ಅದು ಬೊಟ್ಟು ಮಾಡಿತ್ತು. ಬದುಕಿನ ಖರ್ಚು ಏರಿದಂತೆ ಅಂಕಿಗಳನ್ನು ತಿದ್ದುವ ಅಧಿಕಾರ ಕೇಂದ್ರಕ್ಕೆ ಕಾಯಿದೆಯಲ್ಲೇ ಇತ್ತು. 2013ರ ಡಿಸೆಂಬರಿನಲ್ಲಿ, ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ, ತಿದ್ದಿ ಎಂದು ಸುಪ್ರೀಂ ಕೋರ್ಟ್ ನಿರ್ದೇಶನವನ್ನೇ ಕೊಟ್ಟಿತು. ಕೋಷ್ಟಕ ಬದಲಾದದ್ದು 2018ರ ಮೇ ತಿಂಗಳಲ್ಲಿ.

ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊಗಸಾಲೆಯಲ್ಲಿ ಏನಾಯಿತು ಎಂಬುದನ್ನು ಹಳೆಯ ಅರ್ಜಿಗಳೇ ಹೇಳುತ್ತವೆ. ವರ್ಷಕ್ಕೆ 40,000 ಎಂದರೆ ತಿಂಗಳಿಗೆ 3,333 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ದುಡಿದರೂ ಕೋಷ್ಟಕದ ಹೊರಗೆ ಎಂದು 2004ರಲ್ಲಿ ತೀರ್ಮಾನವಾಗಿತ್ತು. ಗಾರೆ ಕೆಲಸದವನ ದಿನಗೂಲಿ ಮುನ್ನೂರು, ನಾನೂರು ದಾಟಿದ ಮೇಲೂ ಅರ್ಜಿಯಲ್ಲಿ ‘ಮೃತರ ಮಾಸಿಕ ಆದಾಯ 3,300 ರೂಪಾಯಿ’ ಎಂದು ಟೈಪಾಗುತ್ತಿತ್ತು. ಗಂಡ ಎಷ್ಟು ದುಡಿಯುತ್ತಿದ್ದ ಎಂದು ಬಲ್ಲ ಹೆಂಡತಿ ಕಟಕಟೆಯಲ್ಲಿ ನಿಂತು ಆ ಅಂಕಿಯನ್ನೇ ಒಪ್ಪಿಕೊಳ್ಳಬೇಕಿತ್ತು. ಬಡವರಿಗೆಂದು ಮಾಡಿದ ಕಾನೂನಿನ ಫಲ ಸಿಗಲು ಸತ್ತವನನ್ನು ಇನ್ನಷ್ಟು ಬಡವನನ್ನಾಗಿಸಬೇಕಾಯಿತು.

ಇನ್ನೊಂದು ದಾರಿ ಸೆಕ್ಷನ್ 166. ಅಲ್ಲಿ ನಿರ್ಲಕ್ಷ್ಯ ಸಾಬೀತಾಗಬೇಕು, ಮೊತ್ತಕ್ಕೆ ಮಿತಿಯಿಲ್ಲ. 2009 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳು ಈ ಲೆಕ್ಕಕ್ಕೊಂದು ಶಿಸ್ತು ತಂದವು: ವಯಸ್ಸಿಗೆ ತಕ್ಕ ಗುಣಕ, ಮುಂದೆ ಏರಬಹುದಾಗಿದ್ದ ಆದಾಯಕ್ಕೆ ಇಷ್ಟು ಶೇಕಡಾ, ಅಂತ್ಯಕ್ರಿಯೆಗೆ ಇಷ್ಟು. ಸಂಬಳದ ಚೀಟಿಯಿಲ್ಲದ ಕೂಲಿಕಾರರ ಆದಾಯ ಅಂದಾಜಿಸಲು ನಮ್ಮ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದು ಮಾಡಿದ ವರ್ಷವಾರು ಪಟ್ಟಿಯನ್ನು ಹೈಕೋರ್ಟ್ ಕೂಡ ಆಧಾರವಾಗಿ ನೋಡುತ್ತದೆ.

ವಿಮೆ ಕಂಪನಿ ಯಾವಾಗ ಹೊಣೆಯಿಂದ ಕಳಚಿಕೊಳ್ಳಬಹುದು ಎಂಬುದು ಇನ್ನೊಂದು ಕಗ್ಗಂಟು. ಚಾಲಕನಿಗೆ ಸರಿಯಾದ ಪರವಾನಗಿ ಇಲ್ಲದಿದ್ದರೂ ಮೊದಲು ಹಣ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ ಎಂಬ ದಾರಿ 2004ರಿಂದ ಬಳಕೆಯಲ್ಲಿದೆ. ಸರಕು ಸಾಗಿಸುವ ಟೆಂಪೊದಲ್ಲಿ ಕುಳಿತವರ ಪಾಡು ಬೇರೆ. ಸಂತೆಗೆ ತರಕಾರಿ ಮೂಟೆಯೊಂದಿಗೆ ಹೊರಟ ರೈತ ಸರಕಿನ ಮಾಲೀಕನಾದ್ದರಿಂದ ಅವನಿಗೆ ವಿಮೆಯ ರಕ್ಷಣೆ ಉಂಟು. ಅದೇ ಟೆಂಪೊದಲ್ಲಿ ಮದುವೆಗೆ ಹೊರಟ ನೆಂಟರಿಗೆ ಇಲ್ಲ. ಬಸ್ಸೇ ಬಾರದ ಊರುಗಳಲ್ಲಿ ಈ ವ್ಯತ್ಯಾಸವನ್ನು ಅರ್ಥ ಮಾಡಿಸುವುದು ಸುಲಭವಲ್ಲ.

ಸಾರಿಗೆ ನಿಗಮಗಳು ವಿಮೆಯಿಂದ ವಿನಾಯಿತಿ ಪಡೆದು ಸ್ವಂತ ನಿಧಿ ಇಟ್ಟುಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ಹಣ ತಡವಾದರೆ ನೊಂದವರು ತೀರ್ಪನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕುತ್ತಾರೆ, ನ್ಯಾಯಾಲಯದ ಅಮೀನರು ನಿಲ್ದಾಣಕ್ಕೆ ಬಂದು ಬಸ್ಸನ್ನೇ ಜಪ್ತಿ ಮಾಡುತ್ತಾರೆ. ಜಿಲ್ಲಾ ಪುಟಗಳಲ್ಲಿ ನಾವು ಆಗಾಗ ಓದುವ ಸುದ್ದಿಯ ಹಿಂದೆ ಇರುವುದು ಇದೇ.

2019ರ ತಿದ್ದುಪಡಿಯ ಪರಿಹಾರದ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. 140 ಮತ್ತು 163ಎ ಹೋದವು. ಈಗ 164ರ ಅಡಿ ತಪ್ಪಿನ ಪ್ರಶ್ನೆಯೇ ಇಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಗುದ್ದಿ ಪರಾರಿಯಾದ ಪ್ರಕರಣದಲ್ಲಿ ಸಾವಿಗೆ 25,000 ಇದ್ದದ್ದು 2 ಲಕ್ಷವಾಯಿತು. ಇವು ಸಣ್ಣ ಸಂಗತಿಗಳಲ್ಲ. ಆದರೆ 1994ರಲ್ಲಿ ಹೋಗಿದ್ದ ಆರು ತಿಂಗಳ ಗಡುವು ಮರಳಿ ಬಂದಿದೆ. ತಲೆಗೆ ಪೆಟ್ಟಾದವರು ಆಸ್ಪತ್ರೆಯಿಂದ ಮನೆಗೆ ಬಂದು ಊರುಗೋಲು ಹಿಡಿಯುವಷ್ಟರಲ್ಲೇ ಆರು ತಿಂಗಳು ಕಳೆದಿರುತ್ತದೆ. ಈ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ.

ಕಾಯಿದೆಯೊಳಗೆ ಇದಕ್ಕೊಂದು ಆಸರೆಯೂ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಪೊಲೀಸರು ಕಳುಹಿಸಿದ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕೆಂದು ಸೆಕ್ಷನ್ 166 ಹೇಳುತ್ತದೆ. ಚೀಲ ಹಿಡಿದು ಬೆಂಚಿನ ಮೇಲೆ ಕುಳಿತವರು ವಕೀಲರನ್ನು ಕಾಣುವ ಮೊದಲೇ ಠಾಣೆಯಲ್ಲಿ ಒಂದು ಮಾತು ಕೇಳಿಕೊಳ್ಳಬಹುದು: ನಮ್ಮ ವರದಿ ಕೋರ್ಟಿಗೆ ಹೋಗಿದೆಯೇ, ಯಾವ ತಾರೀಖಿಗೆ ಹೋಯಿತು?