‘ತಿನ್ನುತ್ತಿದ್ದೆ’ ಎನ್ನಲು ಸ್ಪ್ಯಾನಿಷ್‌ನಲ್ಲಿ ಕೊಮೀಯವೋ, ಕೊಮೆರೀಯವೋ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಕಡುಬು ತಿನ್ನುತ್ತಿದ್ದೆ’ ಎನ್ನಲು ಒಂದು ಕಡೆ ‘ಕೊಮೀಯ’ ಸರಿ ಎನ್ನುತ್ತಾರೆ, ಇನ್ನೊಂದು ಕಡೆ ಅದನ್ನೇ ಹೊಡೆದು ‘ಕೊಮೆರೀಯ’ ಎಂದು ತಿದ್ದುತ್ತಾರೆ. ಯಾವುದು ಸರಿ? ಈ ಕಂಡೀಷನಲ್ ರೂಪ ಮಾಡುವುದು ಹೇಗೆ?
– ಓದುಗರು, ತೀರ್ಥಹಳ್ಳಿ

ಎರಡೂ ಸರಿ. ತೊಡಕು ನಮ್ಮ ‘ತಿನ್ನುತ್ತಿದ್ದೆ’ಯದು, ಅದೊಂದೇ ಮಾತು ಮೂರು ಕೆಲಸ ಮಾಡುತ್ತದೆ. ‘ಚಿಕ್ಕಂದಿನಲ್ಲಿ ಮಳೆಗಾಲ ಪೂರ್ತಿ ಕಡುಬು ತಿನ್ನುತ್ತಿದ್ದೆ’ ಎಂದರೆ ರೂಢಿ, ಅದಕ್ಕೆ ಕೊಮೀಯ. ‘ಈಗ ಹಸಿವಿದ್ದಿದ್ದರೆ ಇನ್ನೆರಡು ತಿನ್ನುತ್ತಿದ್ದೆ’ ಎಂದರೆ ಷರತ್ತು, ಅದಕ್ಕೆ ಕೊಮೆರೀಯ. ನೀವು ಕೇಳಿದ ಕಂಡೀಷನಲ್ ಇದೇ. ‘ನಿನ್ನೆ ಬಸ್ಸು ತಪ್ಪದಿದ್ದರೆ ಮನೆಯಲ್ಲೇ ತಿನ್ನುತ್ತಿದ್ದೆ’ ಎಂಬ ಕೈತಪ್ಪಿದ ಸಂಗತಿಗೆ ಆಬ್ರೀಯ ಕೊಮಿದೊ. ಬರೆಯುವ ಮುಂಚೆ ಕನ್ನಡ ವಾಕ್ಯಕ್ಕೆ ‘ದಿನಾ’ ಸೇರಿಸಿ ನೋಡಿ. ಒಗ್ಗಿದರೆ ಕೊಮೀಯ. ‘-ದರೆ’ ಇದ್ದರೆ ಕೊಮೆರೀಯ, ಜೊತೆಗೆ ‘ನಿನ್ನೆ’ಯೂ ಕೂತರೆ ಆಬ್ರೀಯ ಕೊಮಿದೊ.

ಕಂಡೀಷನಲ್ ರೂಪ ಮಾಡುವುದು ಸಲೀಸು. ಮೂಲರೂಪವನ್ನು (ನಿಘಂಟಿನಲ್ಲಿ ಸಿಗುವ ರೂಪ) ಕತ್ತರಿಸಬೇಡಿ, ಇಡಿಯಾಗಿ ಇಟ್ಟುಕೊಂಡು ಬಾಲ ಅಂಟಿಸಿ. ಆಬ್ಲಾರ್ (ಮಾತಾಡು) ತೆಗೆದುಕೊಳ್ಳಿ:

ನಾನು – ಆಬ್ಲರೀಯ
ನೀನು – ಆಬ್ಲರೀಯಸ್
ಅವನು, ಅವಳು – ಆಬ್ಲರೀಯ
ನಾವು – ಆಬ್ಲರೀಯಮೊಸ್
ನೀವೆಲ್ಲ (ಸಲಿಗೆಯಲ್ಲಿ, ಮುಖ್ಯವಾಗಿ ಸ್ಪೇನ್‌ನಲ್ಲಿ) – ಆಬ್ಲರೀಯಯ್ಸ್
ಅವರೆಲ್ಲ – ಆಬ್ಲರೀಯನ್

ಆರ್, ಎರ್, ಇರ್ ಎಂದು ಕೊನೆಯಾಗುವ ಮೂರೂ ಗುಂಪಿನ ಕ್ರಿಯಾಪದಗಳಿಗೆ ಇವೇ ಬಾಲಗಳು. ಈ ‘ಈಯ’ ಹಿಂದೊಮ್ಮೆ ಬೇರೆ ಪದವೇ ಆಗಿತ್ತು, ಆಬೇರ್ ಎಂಬ ಸಹಾಯಕ ಕ್ರಿಯಾಪದದ ಭೂತರೂಪ ಸವೆದು ಉಳಿದದ್ದು. ಮೂಲರೂಪ ಅದರ ಹಿಂದೆ ಇಡಿಯಾಗಿ ನಿಂತಿರುವುದು ಅದಕ್ಕೇ.

ವರ್ತಮಾನ ಕಾಲದ ಅಭ್ಯಾಸಬಲದಿಂದ ಆರ್ ಕತ್ತರಿಸಿದರೆ ‘ಆಬ್ಲೀಯ’ ಆಗುತ್ತದೆ. ಅಂಥ ಪದವೇ ಇಲ್ಲ, ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಕೊಮೆರ್‌ನಲ್ಲಿ ಎರ್ ಕತ್ತರಿಸಿದಾಗ ಸಿಗುವ ಕೊಮೀಯ ಮಾತ್ರ ಸಾಚಾ ಪದ, ಹಾಗಾಗಿ ಮೋಸ ಗೊತ್ತಾಗುವುದಿಲ್ಲ. ‘ಈಯ’ದ ಹಿಂದೆ ಮೂಲರೂಪದ ರಕಾರ ಉಳಿದಿದೆಯೇ ಎಂದು ನೋಡಿಕೊಳ್ಳಿ. ಧಾತುವಿನಲ್ಲೇ ರಕಾರವಿದ್ದರೆ ಇನ್ನಷ್ಟು ಹುಷಾರಾಗಿರಬೇಕು: ಕೊರ್ರೀಯ ಎಂದರೆ ದಿನಾ ಓಡುತ್ತಿದ್ದದ್ದು, ಷರತ್ತಿನ ಓಟಕ್ಕೆ ಕೊರ್ರೆರೀಯ.

ಸ್ಪ್ಯಾನಿಷ್ ಬರವಣಿಗೆಯಲ್ಲಿ ‘ಈ’ (í) ಅಕ್ಷರದ ಮೇಲಿನ ಓರೆಗೆರೆ ಆರೂ ರೂಪಗಳಿಗೆ ಕಡ್ಡಾಯ. ಬಿಟ್ಟರೆ ಓದುವಾಗ ‘ಆಬ್ಲರ್ಯ’ ಆಗಿಬಿಡುತ್ತದೆ. ಫೋನಿನಲ್ಲಿ ಆ ಅಕ್ಷರವನ್ನು ಒತ್ತಿ ಹಿಡಿದರೆ ಗೆರೆಯದು ಸಿಗುತ್ತದೆ.

ಕನ್ನಡಿಗರು ಎಡವುವ ಇನ್ನೊಂದು ಜಾಗ ಮರ್ಯಾದೆ. ‘ಅಪ್ಪ ತಿನ್ನುತ್ತಿದ್ದರು’ ಎಂದು ಬಹುವಚನ ಹಾಕಿ ರೂಢಿಯಾದವರು ‘ಕೊಮೆರೀಯನ್’ ಎಂದುಬಿಡುತ್ತಾರೆ. ಅಪ್ಪ ಒಬ್ಬರೇ ತಾನೇ, ಕೊಮೆರೀಯ ಸಾಕು. ಗೌರವದ ‘ನೀವು’, ಅಂದರೆ ಉಸ್ತೆದ್, ಅದಕ್ಕೂ ಕೊಮೆರೀಯವೇ. ನಾನು, ಅವನು, ಅವಳು, ತಾವು ಎಲ್ಲಕ್ಕೂ ಒಂದೇ ರೂಪವಾದ್ದರಿಂದ, ಕನ್ನಡದಂತೆ ಸರ್ವನಾಮ ನುಂಗಿದರೆ ತಿಂದವರು ಯಾರೆಂದು ತಿಳಿಯದೆ ಹೋಗಬಹುದು.

‘ಮಳೆ ಬರದಿದ್ದರೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡುತ್ತಿದ್ದೆವು’: ಸಿ ನೋ ಯೋಬಿಯೆರ, ಬೆರೀಯಮೊಸ್ ಲ ಪುಎಸ್ತ ದೆ ಸೋಲ್ ಎನ್ ಆಗುಂಬೆ. ವಾಕ್ಯದ ‘-ದರೆ’ ಇರುವ ಭಾಗಕ್ಕೆ ಕಂಡೀಷನಲ್ ಬರುವುದಿಲ್ಲ, ಇನ್ನೊಂದು ಭಾಗಕ್ಕಷ್ಟೇ ಎಂಬುದನ್ನು ಗಮನಿಸಿ. ಅಲ್ಲಿ ‘ಯೋಬೆರೀಯ’ ಎಂದರೆ ತಪ್ಪು.

ಹನ್ನೆರಡರಷ್ಟು ಕ್ರಿಯಾಪದಗಳ ಧಾತು ಮಾತ್ರ ಬದಲಾಗುತ್ತದೆ: ತೆನೆರ್ (ಹೊಂದಿರು) ತೆಂದ್ರೀಯ ಆಗುತ್ತದೆ, ಅಸೆರ್ (ಮಾಡು) ಅರೀಯ ಆಗುತ್ತದೆ. ಬಾಲ ಅಲ್ಲೂ ಅದೇ.

ನಮ್ಮ ಹೋಟೆಲುಗಳಲ್ಲಿ ‘ಒಂದು ಕಾಫಿ ಬೇಕಿತ್ತು’ ಎಂದು ನಯವಾಗಿ ಕೇಳುವುದಿಲ್ಲವೇ? ಅದಕ್ಕೆ ಕಂಡೀಷನಲ್ ಹೊಂದುತ್ತದೆ: ಮೆ ಗುಸ್ತರೀಯ ಉನ್ ಕಫೆ. ಆದರೆ ಸ್ಪೇನ್‌ನವರು ‘ಕೆರೀಯ ಉನ್ ಕಫೆ’ ಎಂದೂ ಕೇಳುತ್ತಾರೆ. ಆ ಕೆರೀಯ ಕೊಮೀಯದ ಜಾತಿಯದು, ನಮ್ಮ ‘ಬೇಕಿತ್ತು’ವಿನ ಹಾಗೆ ಬರೀ ಭೂತಕಾಲ.