ಪದ ಪರಿಚಯ: ಡೆಲಿಗೇಟ್

ಅಮೆರಿಕದ ಅಧ್ಯಕ್ಷೀಯ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯವಾರು ನಡೆಯುವ ಮತದಾನ) ಶುರುವಾಯಿತೆಂದರೆ ಯಾರು ಎಷ್ಟು ರಾಜ್ಯ ಗೆದ್ದರು, ಚರ್ಚೆಯಲ್ಲಿ ಯಾರ ಬಾಯಿ ಜೋರಾಗಿತ್ತು, ಯಾರ ಪರ ಅಲೆ ಎದ್ದಿದೆ ಎಂಬ ವಿಶ್ಲೇಷಣೆಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಅಭ್ಯರ್ಥಿಯ ಹೆಸರಿನ ಮುಂದಿರುವ ಡೆಲಿಗೇಟ್ ಸಂಖ್ಯೆ ಎಷ್ಟು, ಇನ್ನೆಷ್ಟು ಬೇಕು, ಅವು ಎಲ್ಲಿಂದ ಬರಬೇಕು ಎಂದು ಹೇಳದ ವಿಶ್ಲೇಷಣೆ ಬರೀ ಕಾಡುಹರಟೆ.

ಡೆಲಿಗೇಟ್ ಎಂದರೆ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಮತ ಹಾಕುವ ಪ್ರತಿನಿಧಿ. ಇವರು ಪಕ್ಷದ ಕಾರ್ಯಕರ್ತರು, ಸ್ಥಳೀಯ ಘಟಕದ ಪದಾಧಿಕಾರಿಗಳು, ಕಾರ್ಮಿಕ ಸಂಘದ ಮುಖಂಡರು. ಪ್ರೈಮರಿಯಲ್ಲೋ ಕಾಕಸ್ಸಿನಲ್ಲೋ (ಸ್ಥಳೀಯವಾಗಿ ಸಭೆ ಸೇರಿ ಆರಿಸುವ ಪದ್ಧತಿ) ಜನ ಹಾಕಿದ ಮತವನ್ನು ಪಕ್ಷದ ನಿಯಮಗಳು ಡೆಲಿಗೇಟ್‌ಗಳ ಸಂಖ್ಯೆಗೆ ಇಳಿಸುತ್ತವೆ. ಒಟ್ಟು ಡೆಲಿಗೇಟ್‌ಗಳಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚು ಸಿಕ್ಕವರಿಗೆ ಟಿಕೆಟ್. ನಮ್ಮಲ್ಲಿ ಬಿ ಫಾರ್ಮ್ ಹೈಕಮಾಂಡ್ ಕೈಯಲ್ಲಿರುವಂತೆ ಅಲ್ಲೂ 1968ರವರೆಗೆ ಹೆಚ್ಚುಕಡಿಮೆ ಮುಖಂಡರದ್ದೇ ಆಟವಾಗಿತ್ತು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಷಿಕಾಗೊ ಸಮಾವೇಶದ ಹೊರಗೆ ಬೀದಿಯೇ ರಣರಂಗವಾಯಿತು. ಆಮೇಲೆ ಬಂದ ಮೆಕ್‌ಗವರ್ನ್-ಫ್ರೇಸರ್ ಆಯೋಗ ಆಯ್ಕೆಯನ್ನು ಮತದಾರರ ಕೈಗೆ ಕೊಟ್ಟಿತು. ಆ ನಿಯಮಗಳ ಕೆಳಗೆ 1972ರಲ್ಲಿ ಟಿಕೆಟ್ ಗೆದ್ದವರು ಅದೇ ಜಾರ್ಜ್ ಮೆಕ್‌ಗವರ್ನ್. ನಿಯಮ ಬರೆದವರಿಗೆ ಅದರ ಸಂದುಗೊಂದು ಗೊತ್ತಿದ್ದರೆ ಆಶ್ಚರ್ಯವೇನು!

ಡೆಮಾಕ್ರಟಿಕ್ ಪಕ್ಷದ ಲೆಕ್ಕದಲ್ಲಿ ಮೊದಲು ತಿಳಿಯಬೇಕಾದದ್ದು ಶೇ. 15ರ ಗೆರೆ. ರಾಜ್ಯಮಟ್ಟದಲ್ಲೂ ಪ್ರತಿ ಕಾಂಗ್ರೆಷನಲ್ (ಸಂಸತ್) ಕ್ಷೇತ್ರದಲ್ಲೂ ಈ ಗೆರೆ ಬೇರೆಬೇರೆಯಾಗಿ ಅನ್ವಯಿಸುತ್ತದೆ. ಅದರ ಕೆಳಗೆ ಉಳಿದವರಿಗೆ ಸೊನ್ನೆ. ಮೇಲಿರುವವರು ತಮ್ಮ ಮತಗಳ ಅನುಪಾತದಲ್ಲಿ ಹಂಚಿಕೊಳ್ಳುತ್ತಾರೆ. 2020ರ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರೈಮರಿ ನೋಡಿ. ಬರ್ನಿ ಸ್ಯಾಂಡರ್ಸ್ ಶೇ. 25.6, ಪೀಟ್ ಬೂಟಜೆಜ್ ಶೇ. 24.3, ಏಮಿ ಕ್ಲೋಬುಚಾರ್ ಶೇ. 19.7. ಎಲಿಜಬೆತ್ ವಾರನ್ ಶೇ. 9.2, ಜೋ ಬೈಡನ್ ಶೇ. 8.4. ಕೊನೆಯ ಇಬ್ಬರೂ ಲೆಕ್ಕದಿಂದ ಹೊರಗೆ. ಉಳಿದ ಮೂವರ ಮೊತ್ತ 69.6. ಅದನ್ನು 100 ಎಂದುಕೊಂಡರೆ ಸ್ಯಾಂಡರ್ಸ್ ಪಾಲು 36.8, ಬೂಟಜೆಜ್ ಪಾಲು 34.9, ಕ್ಲೋಬುಚಾರ್ ಪಾಲು 28.3. ರಾಜ್ಯಮಟ್ಟದ 5 ಡೆಲಿಗೇಟ್‌ಗಳನ್ನು ಇದರಿಂದ ಗುಣಿಸಿದರೆ 1.84, 1.75, 1.42 ಬರುತ್ತದೆ. ಮೊದಲು ಮೂವರಿಗೂ ಒಂದೊಂದು. ಮಿಕ್ಕ ಎರಡು, ದೊಡ್ಡ ಶೇಷ ಇರುವ ಮೊದಲ ಇಬ್ಬರಿಗೆ. ಕ್ಷೇತ್ರಗಳ ಪಾಲು ಸೇರಿದಂತೆ ಉಳಿದವನ್ನೂ ಹೀಗೆಯೇ ಹಂಚಿದ ಮೇಲೆ ಅಂತಿಮ ಲೆಕ್ಕ 9, 9, 6. ಆ ರಾತ್ರಿ ಸ್ಯಾಂಡರ್ಸ್ "ಗೆದ್ದರು" ಎಂದು ಎಲ್ಲೆಡೆ ಸುದ್ದಿಯಾಯಿತು. ಸುಮಾರು 3,900 ಮತಗಳ ಆ ಮುನ್ನಡೆಗೆ ಡೆಲಿಗೇಟ್ ಲೆಕ್ಕದಲ್ಲಿ ಬೆಲೆ ಸೊನ್ನೆ. ಪ್ರತಿ ಸಮಸ್ಯೆಗೂ ಯೋಜನೆ ಸಿದ್ಧವಿದೆ ಎನ್ನುತ್ತಿದ್ದ ವಾರನ್ ಅವರಿಗೆ ಗೆರೆ ದಾಟುವ ಯೋಜನೆ ಮಾತ್ರ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಸಮ-ಬೆಸದ ಆಟ. ಇಬ್ಬರೇ ಕಣದಲ್ಲಿದ್ದಾಗ 4 ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಶೇ. 60 ಮತ ಪಡೆದರೂ 2-2 ಸಮಪಾಲು. 3-1 ಆಗಬೇಕಾದರೆ ಶೇ. 62.5 ದಾಟಬೇಕು. 3 ಡೆಲಿಗೇಟ್‌ಗಳ ಕ್ಷೇತ್ರದಲ್ಲಾದರೆ ಅರ್ಧಕ್ಕಿಂತ ಒಂದು ಮತ ಹೆಚ್ಚಾದರೂ 2-1. ಹಾಗಾಗಿ ಹಣ, ಸ್ವಯಂಸೇವಕರನ್ನು ಬೆಸ ಸಂಖ್ಯೆಯ ಕ್ಷೇತ್ರಕ್ಕೆ ಕಳಿಸುವುದು ಜಾಣತನ. 2008ರಲ್ಲಿ ಬರಾಕ್ ಒಬಾಮ ತಂಡ ಈ ಲೆಕ್ಕವನ್ನು ಅರೆದು ಕುಡಿದಿತ್ತು. ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಸೂಪರ್ ಟ್ಯೂಸ್‌ಡೇ ದಿನ, ಫೆಬ್ರವರಿ 5ರಂದು, ಎದುರಾಳಿ ಹಿಲರಿ ಕ್ಲಿಂಟನ್ ನ್ಯೂ ಜೆರ್ಸಿಯನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡೆಲಿಗೇಟ್‌ಗಳು 59-48, ಲಾಭ 11. ಅದೇ ದಿನ ಒಬಾಮ ಐಡಹೊ ಕಾಕಸ್ಸಿನಲ್ಲಿ ಗೆದ್ದರು. ಅಲ್ಲಿ ಒಟ್ಟು ಬಂದವರೇ ಸುಮಾರು 21,000 ಜನ. ಡೆಲಿಗೇಟ್‌ಗಳು 15-3, ಲಾಭ 12! ಕ್ಲಿಂಟನ್ ಸೋತದ್ದು ಒಬಾಮ ಭಾಷಣದ ಮೋಡಿಗೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಮೋಡಿ ಇತ್ತು, ನಿಜ. ಆದರೆ ಸಣ್ಣ ಕಾಕಸ್ ರಾಜ್ಯಗಳನ್ನು ಎದುರಾಳಿಗೆ ಹೆಚ್ಚುಕಡಿಮೆ ಬಿಟ್ಟುಕೊಟ್ಟದ್ದು ಅವರ ತಂಡದ ಅಕ್ಷಮ್ಯ ಉದಾಸೀನ.

ರಿಪಬ್ಲಿಕನ್ನರ ದಾರಿ ಬೇರೆ. ಅಲ್ಲಿ ರಾಜ್ಯ ಘಟಕಗಳಿಗೆ ಸ್ವಾತಂತ್ರ್ಯ ಹೆಚ್ಚು; ಮಾರ್ಚ್ ಮಧ್ಯದ ನಂತರ ಗೆದ್ದವರಿಗೇ ಪೂರ್ತಿ ಕೊಡುವ ರಾಜ್ಯಗಳು ಸಾಲಾಗಿ ಬರುತ್ತವೆ. ಸೌತ್ ಕ್ಯಾರೊಲೈನಾದಲ್ಲಿ ಈ ಪದ್ಧತಿ ಇನ್ನೂ ಮುಂಚೆಯೇ ಇತ್ತು: ರಾಜ್ಯದಲ್ಲಿ ಮೊದಲು ಬಂದವರಿಗೆ 29, ಏಳು ಕ್ಷೇತ್ರಗಳಲ್ಲಿ ಮೊದಲು ಬಂದವರಿಗೆ ತಲಾ 3. 2016ರಲ್ಲಿ ಡೊನಾಲ್ಡ್ ಟ್ರಂಪ್ ಶೇ. 32.5 ಮತ ಪಡೆದು 50ಕ್ಕೆ 50 ಬಾಚಿಕೊಂಡರು. ತಲಾ ಶೇ. 22ರ ಮೇಲಿದ್ದ ಮಾರ್ಕೊ ರೂಬಿಯೊ, ಟೆಡ್ ಕ್ರೂಜ್ ಬರಿಗೈಯಲ್ಲಿ ಮರಳಿದರು. "ಮೂರರಲ್ಲಿ ಎರಡು ಪಾಲು ಜನ ಟ್ರಂಪ್‌ಗೆ ವಿರೋಧ" ಎಂದು ಆಗ ಬರೆದ ಅಂಕಣಕಾರರ ಲೆಕ್ಕ ತಪ್ಪಿರಲಿಲ್ಲ, ಅದು ಉಪಯೋಗಕ್ಕೆ ಬರಲಿಲ್ಲ ಅಷ್ಟೆ. ವಿರೋಧ ಒಂದೇ ಹೆಸರಿನ ಹಿಂದೆ ನಿಲ್ಲದಿದ್ದರೆ ಈ ನಿಯಮದಲ್ಲಿ ಅದಕ್ಕೆ ಅಸ್ತಿತ್ವವೇ ಇಲ್ಲ. ಮಾರ್ಚ್ 15ರಂದು ಫ್ಲೋರಿಡಾದ 99 ಟ್ರಂಪ್‌ಗೆ, ಒಹಾಯೊದ 66 ಅಲ್ಲಿನ ಗವರ್ನರ್ ಜಾನ್ ಕೇಸಿಕ್‌ಗೆ. ಉಳಿದ ಅಷ್ಟೂ ಡೆಲಿಗೇಟ್‌ಗಳನ್ನು ಗೆದ್ದರೂ ಕೇಸಿಕ್‌ಗೆ ಬೇಕಿದ್ದ 1,237 ಮುಟ್ಟುವುದು ಆಗಲೇ ಅಸಾಧ್ಯವಾಗಿತ್ತು. ಆದರೂ ಅವರು ಮೇ ತಿಂಗಳವರೆಗೆ ಕಣದಲ್ಲಿ ಉಳಿದರು. ಅದನ್ನು ಸಭ್ಯ ಛಲ ಎಂದು ಹೊಗಳಿದವರುಂಟು, ಲಾಭವಾದದ್ದು ಟ್ರಂಪ್‌ಗೆ.

ಇದೇ ಪಾಠವನ್ನು 2020ರಲ್ಲಿ ಡೆಮಾಕ್ರಟರು ಮೂರೇ ದಿನದಲ್ಲಿ ಕಲಿತರು. ಫೆಬ್ರವರಿ 29ರಂದು ಬೈಡನ್ ಸೌತ್ ಕ್ಯಾರೊಲೈನಾದಲ್ಲಿ ಶೇ. 48ರ ಮೇಲೆ ಪಡೆದು 39 ಡೆಲಿಗೇಟ್ ಗೆದ್ದರು. ಮರುದಿನ ಬೂಟಜೆಜ್, ಅದರ ಮರುದಿನ ಕ್ಲೋಬುಚಾರ್ ಕಣ ಬಿಟ್ಟರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್ ಪಾಲು. ಅಂಚೆಯಲ್ಲಿ ಮೊದಲೇ ಬೂಟಜೆಜ್ ಹೆಸರಿಗೆ ಮತ ಕಳಿಸಿದ್ದ ಕ್ಯಾಲಿಫೋರ್ನಿಯಾದವರ ಮತ ಮಾತ್ರ ನೀರುಪಾಲು. ಅಂಚೆ ಮತಕ್ಕೆ ಆತುರಪಟ್ಟರೆ ಇದೊಂದು ಅಪಾಯ. ಇನ್ನು ಮೈಕೆಲ್ ಬ್ಲೂಮ್‌ಬರ್ಗ್: ಮೊದಲ ನಾಲ್ಕು ರಾಜ್ಯಗಳನ್ನು ಬಿಟ್ಟು, 50 ಕೋಟಿ ಡಾಲರಿಗೂ ಹೆಚ್ಚು ಸುರಿದು, ಕೊನೆಗೆ ಗೆದ್ದದ್ದು ಪೆಸಿಫಿಕ್‌ನ ಪುಟ್ಟ ದ್ವೀಪಪ್ರದೇಶ ಅಮೆರಿಕನ್ ಸಮೋವ ಒಂದನ್ನೇ. 2008ರಲ್ಲಿ ಆರಂಭದ ರಾಜ್ಯಗಳನ್ನು ಕಡೆಗಣಿಸಿ ಫ್ಲೋರಿಡಾಕ್ಕೆ ಕಾದು ಕೂತು ಮೂರನೆಯವರಾದ ರಿಪಬ್ಲಿಕನ್ ರೂಡಿ ಜೂಲಿಯಾನಿ ಕಥೆ ಅವರ ಕಣ್ಣೆದುರೇ ಇತ್ತು.

ಸೂಪರ್‌ಡೆಲಿಗೇಟ್ ಎಂಬ ಮಾತೂ ಕಿವಿಗೆ ಬೀಳುತ್ತದೆ. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳಿಗೆ ಹುದ್ದೆಯ ಬಲದಿಂದ ಸಿಗುವ ಮತ ಇದು. 1984ರಿಂದ ಡೆಮಾಕ್ರಟಿಕ್ ಪಕ್ಷದಲ್ಲಿದೆ. 2016ರ ಕ್ಲಿಂಟನ್-ಸ್ಯಾಂಡರ್ಸ್ ಜಗಳದ ನಂತರ, 2018ರಲ್ಲಿ, ಪೈಪೋಟಿ ಇದ್ದಾಗ ಮೊದಲ ಸುತ್ತಿನಲ್ಲಿ ಅವರ ಮತಕ್ಕೆ ತಡೆ ಬಿತ್ತು. ಎರಡನೇ ಸುತ್ತು ನಡೆದರೆ ಅವರೂ ಬರುತ್ತಾರೆ. ಆದರೆ ಎರಡೂ ಪಕ್ಷಗಳಲ್ಲಿ 1952ರಿಂದೀಚೆಗೆ ಎರಡನೇ ಸುತ್ತೇ ನಡೆದಿಲ್ಲ.

ಡೆಲಿಗೇಟ್‌ಗಳು ಬರೀ ಅಂಕಿಯಲ್ಲ ಎನ್ನುವುದು ನೆನಪಾಗುವುದು ಎಡವಟ್ಟಾದಾಗ. 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಅವರ ಹೆಸರಿಗೆ ಬದ್ಧರಾಗಿದ್ದವರೆಲ್ಲ ಒಮ್ಮೆಗೇ ಸ್ವತಂತ್ರರಾದರು. ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲರೂ ಕಮಲಾ ಹ್ಯಾರಿಸ್ ಹಿಂದೆ ನಿಂತರು. ಹಿಂದಿನ ಸಲ ಮತದಾನ ಶುರುವಾಗುವ ಮೊದಲೇ, 2019ರ ಡಿಸೆಂಬರ್‌ನಲ್ಲಿ, ಕಣ ಬಿಟ್ಟಿದ್ದ ಅಭ್ಯರ್ಥಿ ಅವರು.

ಈ ಲೆಕ್ಕವೆಲ್ಲ ಅಧ್ಯಕ್ಷೀಯ ಪ್ರೈಮರಿಗೆ ಮಾತ್ರ. ಕಾಂಗ್ರೆಸ್ (ಅಲ್ಲಿನ ಸಂಸತ್ತು), ಗವರ್ನರ್ ಸ್ಥಾನದ ಪ್ರೈಮರಿಗಳಲ್ಲಿ ಡೆಲಿಗೇಟ್ ಇಲ್ಲ, ಸಾಮಾನ್ಯವಾಗಿ ಹೆಚ್ಚು ಮತ ಬಂದವರೇ ಗೆದ್ದಂತೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಪ್ರೈಮರಿಗೆ ಕೈಯಿಂದ ಕೋಟಿ ಡಾಲರ್ ಸುರಿದು ಮೂರನೆಯವರಾದರು. 2022ರಲ್ಲಿ ಒಂಬತ್ತು ಜನರ ನಡುವೆ ಸುಮಾರು ಶೇ. 28 ಮತ ಸಾಕಾಗಿ ಕಾಂಗ್ರೆಸ್ ಟಿಕೆಟ್ ಗೆದ್ದರು.

ಅಲ್ಲಿನ ಪೌರತ್ವ ಪಡೆದ ಕನ್ನಡಿಗರಿಗೆ ಒಂದು ಮಾತು: ಯಾರು ಯಾವ ಪ್ರೈಮರಿಯಲ್ಲಿ ಮತ ಹಾಕಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾವ ಪಕ್ಷದ ಮತಪತ್ರ ಬೇಕೆಂದು ಮತಗಟ್ಟೆಯಲ್ಲೇ ಹೇಳಬಹುದು. ನ್ಯೂಯಾರ್ಕ್‌ನಲ್ಲಿ ಗಡುವಿನೊಳಗೆ ಪಕ್ಷಕ್ಕೆ ನೋಂದಾಯಿಸಿರಬೇಕು; 2016ರಲ್ಲಿ ಆ ಗಡುವು ತಪ್ಪಿಸಿಕೊಂಡ ಇವಾಂಕಾ, ಎರಿಕ್ ಟ್ರಂಪ್ ಇಬ್ಬರಿಗೂ ತಂದೆಗೆ ಮತ ಹಾಕಲಾಗಲಿಲ್ಲ. ನಮ್ಮವರು ಬಹಳಷ್ಟಿರುವ ನ್ಯೂ ಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಮತದಾನದ ದಿನವೇ ಪಕ್ಷ ಆರಿಸಬಹುದು, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರು ಮಾತ್ರ 55 ದಿನ ಮುಂಚೆ ಅರ್ಜಿ ಕೊಡಬೇಕು. ಆದರೆ 2008ರಲ್ಲಿ ಫೆಬ್ರವರಿಗೆ ಬಂದಿದ್ದ ಅಲ್ಲಿನ ಪ್ರೈಮರಿ ಮತ್ತೆ ಜೂನ್‌ಗೆ ಹೋಗಿದೆ. 2024ರಲ್ಲಿ ಬೈಡನ್, ಟ್ರಂಪ್ ಇಬ್ಬರೂ ತಮಗೆ ಬೇಕಾದ ಡೆಲಿಗೇಟ್ ಸಂಖ್ಯೆಯನ್ನು ದಾಟಿದ್ದು ಮಾರ್ಚ್ 12ರಂದು.